ಮೂರು ತಿಂಗಳ ಹಿಂದಿನ ಲೆಕ್ಕ

ಹನುಮಂತನಗರದ ಅಮ್ಮನ ಮನೆಯಲ್ಲಿ, ಬಚ್ಚಲಿನ ಬಾಗಿಲ ಹಿಂದೆ, ಒಂದು ಪ್ಲಾಸ್ಟಿಕ್ ಕವರ್ ಯಾವಾಗಲೂ ನೇತಾಡುತ್ತಿರುತ್ತದೆ. ಅದರ ತುಂಬ ಕೂದಲು. ತಲೆ ಬಾಚಿದಾಗ ಉದುರಿದ್ದನ್ನೆಲ್ಲ ಅಮ್ಮ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಅದರೊಳಗೆ ತುರುಕುತ್ತಾಳೆ. ಕಸಕ್ಕೆ ಹಾಕುವ ಹಾಗಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಒಬ್ಬ ಕೂಗಿಕೊಂಡು ಬರುತ್ತಾನೆ. ಕವರನ್ನು ಕೈಯಲ್ಲೇ ಎತ್ತಿ ತೂಗಿ, ಬದಲಿಗೆ ಪಿನ್ನು, ಬಲೂನು, ಚಿಕ್ಕ ಸ್ಟೀಲ್ ಲೋಟ ಏನಾದರೂ ಕೊಡುತ್ತಾನೆ. ನಮ್ಮಜ್ಜಿಯ ಕಾಲದಲ್ಲಿ ಇದೇ ಕೂದಲಿಂದ ಮನೆಯಲ್ಲೇ ಚೌರಿ ಕಟ್ಟುತ್ತಿದ್ದರು. ಈಗ ಬೀದಿ ಬೀದಿಯಲ್ಲಿ ಕೊಂಡ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಊರುಗಳಿಗೆ ಹೋಗುತ್ತದೆ. ಅಲ್ಲಿ ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಜೋಡಿಸಿ, ವಿಗ್ ಮಾಡುವವರಿಗೆ ಕಳಿಸುತ್ತಾರೆ. ನಮಗೆ ಬೇಡವಾದದ್ದು ಯಾರದೋ ತಲೆಯ ಮೇಲೆ ಕೂರುತ್ತದೆ.

ಒಂದು ಜನವರಿಯಲ್ಲಿ ಆ ಕವರು ತುಂಬಿ ತುಳುಕಿದ್ದು ನನ್ನ ಕೂದಲಿನಿಂದ.

ಸಂಕ್ರಾಂತಿಗೆ ಅಂತ ಅಮ್ಮನ ಮನೆಗೆ ಹೋಗಿದ್ದೆ. ತಲೆಗೆ ನೀರು ಹಾಕಿಕೊಂಡು ನೋಡಿದರೆ ಬಚ್ಚಲಿನ ಜಾಲರಿ ಮುಚ್ಚಿಹೋಗಿ ನೀರು ಪಾದದವರೆಗೆ ನಿಂತಿದೆ. ಬಗ್ಗಿ ಎಳೆದರೆ ಒಂದು ಹಿಡಿ ಬಂತು. ಬಾಚಿದರೆ ಇನ್ನೊಂದು ಹಿಡಿ. ದಿಂಬಿನ ಮೇಲೆ, ಚಪಾತಿ ಹಿಟ್ಟಿನಲ್ಲಿ, ಮಗಳ ಟಿಫನ್ ಬಾಕ್ಸಿನಲ್ಲಿ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಸುಮ್ನೆ ತಟ್ಟೆಯ ಅಂಚಿಗೆ ಎತ್ತಿಡುತ್ತಿದ್ದರು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಶಾಂಪೂ ಬದಲಾಯಿಸಿದೆ. ಈರುಳ್ಳಿ ರಸ ಹಚ್ಚಿದೆ. ಆಫೀಸಿನ ಮೀಟಿಂಗಿನಲ್ಲಿ ಪಕ್ಕದವಳು ‘ಯಾರೋ ಪಕೋಡ ತಂದಿದ್ದಾರಾ?’ ಅಂದ ಮೇಲೆ ಅದನ್ನು ಬಿಟ್ಟೆ. ಕೊನೆಗೆ ಒಂದು ಹೇರ್ ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ನೆತ್ತಿಯ ಮೇಲೆ ಕ್ಯಾಮೆರಾ ಇಟ್ಟು, ದೊಡ್ಡ ಪರದೆಯಲ್ಲಿ ತೋರಿಸಿ, ‘ಮೇಡಂ, ಹೀಗೇ ಬಿಟ್ಟರೆ ಕಷ್ಟ’ ಅಂದರು. ಪರದೆಯ ಮೇಲೆ ಅಷ್ಟು ದೊಡ್ಡದಾಗಿ ನೋಡಿದರೆ ಯಾರ ನೆತ್ತಿಯೂ ಬರ ಬಿದ್ದ ಹೊಲದಂತೆಯೇ ಕಾಣುತ್ತದೆ. ಆರು ಸಿಟ್ಟಿಂಗ್, 28,000 ರೂಪಾಯಿ. ಕಂತಿನಲ್ಲಿ ಕಟ್ಟಿದೆ.

ನಾಲ್ಕನೇ ಸಿಟ್ಟಿಂಗಿನ ಹೊತ್ತಿಗೆ ಉದುರುವುದು ಕಮ್ಮಿಯಾಯಿತು. ‘ನೋಡಿದ್ರಾ?’ ಅಂದರು ಅವರು. ನಾನೂ ನಂಬಿದೆ. ನಾದಿನಿಗೂ ಅದೇ ಕ್ಲಿನಿಕ್ಕಿನ ನಂಬರ್ ಕೊಟ್ಟೆ.

ನಿಜ ಗೊತ್ತಾಗಿದ್ದು ಆಮೇಲೆ. ಕುತ್ತಿಗೆಯ ಮೇಲೆ ಏನೋ ಕಜ್ಜಿ ಎದ್ದು ಅಮ್ಮನ ಏರಿಯಾದ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ವಯಸ್ಸಾದ ಹೆಂಗಸು. ಕಜ್ಜಿ ನೋಡುತ್ತಲೇ ಕೂದಲಿನ ಕಥೆಯನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಉದುರೋಕೆ ಶುರುವಾಗೋ ಮೂರು ತಿಂಗಳು ಮುಂಚೆ ಏನಾಗಿತ್ತಮ್ಮಾ?’

ಡೆಂಗಿ. ಅಕ್ಟೋಬರಿನಲ್ಲಿ ಒಂದು ವಾರ ನೂರಾ ನಾಲ್ಕು ಡಿಗ್ರಿ ಮೇಲೇ ಜ್ವರ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಮನೆಗೊಬ್ಬರಿಗೆ ಬರುತ್ತದಲ್ಲ, ಅದೇ. ಜ್ವರಕ್ಕೂ ಕೂದಲಿಗೂ ಗಂಟು ಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಜ್ವರ ಬಂದಾಗ ಒಂದು ಕೂದಲೂ ಉದುರಿರಲಿಲ್ಲ!

ಅವರು ಹೇಳಿದ್ದು ಇಷ್ಟು. ನೆತ್ತಿಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರ ಬೇರಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಎರಡು ಮೂರು ತಿಂಗಳು ಅಲ್ಲೇ ಸುಮ್ಮನೆ ನಿಂತಿದ್ದು ಬಿದ್ದುಹೋಗುತ್ತದೆ. ಎಲ್ಲ ಕೂದಲೂ ಒಂದೇ ಹಂತದಲ್ಲಿ ಇರುವುದಿಲ್ಲ. ಅದಕ್ಕೇ ದಿನಕ್ಕೆ 50ರಿಂದ 100 ಬಿದ್ದರೂ ನಮಗೆ ಗೊತ್ತಾಗುವುದಿಲ್ಲ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ದೊಡ್ಡ ದುಃಖ, ಇಂಥದ್ದು ಏನಾದರೂ ಬಂದರೆ ಮೈ ಅನಗತ್ಯ ಖರ್ಚು ನಿಲ್ಲಿಸುತ್ತದೆ. ಅದರ ಲೆಕ್ಕದಲ್ಲಿ ಕೂದಲು ಅನಗತ್ಯ. ಬೆಳೆಯುತ್ತಿದ್ದ ರಾಶಿ ಕೂದಲು ಒಟ್ಟಿಗೇ ನಿಂತುಬಿಡುತ್ತದೆ. ಒಟ್ಟಿಗೇ ನಿಂತದ್ದು ಮೂರು ತಿಂಗಳಾದ ಮೇಲೆ ಒಟ್ಟಿಗೇ ಬೀಳುತ್ತದೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತ ಹೆಸರು. ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನೇ ನಿಲ್ಲುತ್ತದೆ.

ಅಂದರೆ ನನ್ನ 28,000 ರೂಪಾಯಿ ಹೋಗಿದ್ದು, ಹೇಗಿದ್ದರೂ ನಿಲ್ಲುವುದಿದ್ದದ್ದು ನಿಲ್ಲುವವರೆಗೆ ನನ್ನನ್ನು ಸಮಾಧಾನವಾಗಿ ಇಟ್ಟದ್ದಕ್ಕೆ. ಈರುಳ್ಳಿ ರಸವನ್ನು ಇನ್ನು ಮೂರು ತಿಂಗಳು ಸಹಿಸಿಕೊಂಡಿದ್ದರೆ ಅದಕ್ಕೇ ಜೈ ಅನ್ನುತ್ತಿದ್ದೆ. ‘ಈ ಎಣ್ಣೆ ಹಚ್ಚಿದೆ, ನಿಂತೇ ಹೋಯಿತು’ ಅನ್ನುವವರು ಎಷ್ಟೋ ಜನ ಸುಳ್ಳು ಹೇಳುವುದಿಲ್ಲ. ನಿಂತದ್ದು ನಿಜ. ನಿಲ್ಲಿಸಿದ್ದು ಎಣ್ಣೆ ಅನ್ನುವುದಷ್ಟೇ ಅನುಮಾನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನಾನು ಈಗ ಜ್ವರ, ಹೊಸ ಮಾತ್ರೆ, ನಿದ್ದೆಗೆಟ್ಟ ವಾರ ಎಲ್ಲವನ್ನೂ ಬರೆದಿಡುತ್ತೇನೆ. ಕೂದಲು ಉದುರಿದರೆ ಶಾಂಪೂ ಬಾಟಲಿಯ ಹಿಂಬದಿ ಓದುವ ಬದಲು ಕ್ಯಾಲೆಂಡರನ್ನು ಮೂರು ಹಾಳೆ ಹಿಂದಕ್ಕೆ ತಿರುವುತ್ತೇನೆ. ನನಗೆ ಕೂದಲಿನ ವಿಷಯದಲ್ಲಿ ನೇಮ ಅಂತ ಏನಾದರೂ ಇದ್ದರೆ ಅದರಲ್ಲಿ ಮೊದಲನೆಯದು ಇದು.

ಡಾಕ್ಟರು ರಕ್ತ ಪರೀಕ್ಷೆಗೂ ಬರೆದಿದ್ದರು. ಹಿಮೋಗ್ಲೋಬಿನ್ 12.1. ನನಗೆ ಖುಷಿ. ಆದರೆ ಫೆರಿಟಿನ್ 9 ಬಂದಿತ್ತು. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ‘ಅಂಗಡಿ ಮುಂದೆ ಸಾಮಾನು ಜೋಡಿಸಿದೀರ, ಗೋಡೌನ್ ಖಾಲಿ’ ಅಂದರು. ಮುಟ್ಟಾಗುವ ವಯಸ್ಸಿನ ಎಷ್ಟೋ ಹೆಂಗಸರ ಕಥೆ ಇದು. ಆಮೇಲೆ ಕೇಳಿದರು: ‘ಊಟ ಆದ ತಕ್ಷಣ ಕಾಫಿ ಕುಡೀತೀರಾ?’

ಬಸವನಗುಡಿ ಕಡೆ ಹುಟ್ಟಿ ಬೆಳೆದವಳನ್ನು ಕೇಳುವ ಪ್ರಶ್ನೆಯೇ ಇದು? ಆದರೆ ವಿಷಯ ನಿಜ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಸೊಪ್ಪು, ಕಾಳಿನ ಕಬ್ಬಿಣವನ್ನು ಮೈ ಹೀರದಂತೆ ಹಿಡಿದಿಡುತ್ತದೆ. ಬಸ್ಸಾರು ಉಂಡು, ಬಾಯಿ ಒರೆಸಿಕೊಂಡು, ಸ್ಟ್ರಾಂಗ್ ಕಾಫಿ ಕುಡಿದರೆ ಆ ಸೊಪ್ಪು ತಿಂದದ್ದು ಅರ್ಧ ದಂಡ. ಈಗ ಒಂದು ಗಂಟೆಯಾದರೂ ಕಾಯುತ್ತೇನೆ. ಸಾರಿಗೆ ನಿಂಬೆಹಣ್ಣು ಹಿಂಡುತ್ತೇನೆ, ಅದರಲ್ಲಿರುವ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ವಾರಕ್ಕೆ ಎರಡು ಸಲ ಹುರಳಿಕಾಳಿನ ಸಾರು. ಕೂದಲು ಅಂದರೆ ಕೆರಾಟಿನ್, ಕೆರಾಟಿನ್ ಅಂದರೆ ಪ್ರೋಟೀನು. ಅನ್ನ, ಸಾರು, ಹಪ್ಪಳದಲ್ಲಿ ಅದು ಎಲ್ಲಿಂದ ಬರಬೇಕು ಹೇಳಿ? ಕಬ್ಬಿಣದ ಮಾತ್ರೆಯನ್ನೂ ಡಾಕ್ಟರು ಹೇಳಿದಷ್ಟು ತಿಂಗಳು ನುಂಗಿದೆ.

ಕೂದಲಿಗೆ ಅಂತ ತಿನ್ನುತ್ತಿದ್ದ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆಯನ್ನು ಮಾತ್ರ ನಿಲ್ಲಿಸಿದರು. ಅದರ ಕೊರತೆ ಅಪರೂಪ. ಮೇಲಾಗಿ ಜಾಸ್ತಿ ತಿಂದರೆ ಥೈರಾಯ್ಡಿನಂಥ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪು ಬರಬಹುದು. 2017ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಕೂದಲು ಉದುರುತ್ತದೆ ಅಂತ ಬಯೋಟಿನ್ ತಿಂದು, ಅದೇ ಕಾರಣಕ್ಕೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತಪ್ಪು ಫಲಿತಾಂಶ ಹಿಡಿದುಕೊಂಡು ಓಡಾಡುವುದು. ಎಂಥ ತಮಾಷೆ ಅಲ್ವಾ.

ಇನ್ನು ನೀರು. ಬೆಂಗಳೂರಿನಲ್ಲಿ ಕೂದಲಿನ ಮಾತು ಎತ್ತಿದರೆ ಎರಡನೇ ವಾಕ್ಯಕ್ಕೇ ಬೋರ್‌ವೆಲ್ ಬರುತ್ತದೆ. ನನಗೂ ಆ ಜಗಳ ಇದೆ. ಅಮ್ಮನ ಮನೆಗೆ ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿಸಿಕೊಂಡು ಬರುವ ನೀರು. ನಾನು ಮದುವೆಯಾಗಿ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದೆ. ಇಲ್ಲಿ ಬೋರ್‌ವೆಲ್, ಅದು ಬತ್ತಿದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಂತೂ ಟ್ಯಾಂಕರಿಗೂ ಸರದಿ. ನಲ್ಲಿಯ ಸುತ್ತ ಬಿಳಿ ಪಟ್ಟೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಕವಚ, ಬಕೆಟ್ಟಿನ ಅಂಚಿನಲ್ಲಿ ಜಿಡ್ಡು ಗೆರೆ. ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಅಂತಿದೆ. ನಮ್ಮ ಅಪಾರ್ಟ್‌ಮೆಂಟಿನ ವರದಿಯಲ್ಲಿ 540 ಇತ್ತು.

ಆದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆಯುವ ಹಾಗೆ ಬೋರ್ ನೀರು ತಲೆ ಬೋಳು ಮಾಡುವುದಿಲ್ಲ. ಬೇರು ಇರುವುದು ಚರ್ಮದ ಒಳಗೆ, ಸುಣ್ಣ ಕೂರುವುದು ಹೊರಗಿನ ಎಳೆಯ ಮೇಲೆ. ಎಳೆ ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಉದುರಿದ ಕೂದಲನ್ನು ಎತ್ತಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟಿದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದೆ ಗಿಡ್ಡವಾಗಿದ್ದರೆ ತುಂಡಾದದ್ದು. ಮೊದಲನೆಯದಕ್ಕೆ ಕ್ಯಾಲೆಂಡರ್ ನೋಡಬೇಕು. ಎರಡನೆಯದಕ್ಕೆ ನೀರು, ಬಾಚಣಿಗೆ, ಪಾರ್ಲರ್ ನೋಡಬೇಕು. ನಾನು ಎಷ್ಟೋ ವರ್ಷ ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡಿದ್ದೆ.

ಶವರಿಗೆ ಸಿಕ್ಕಿಸುವ ಫಿಲ್ಟರ್ ತಂದು ಒಂದು ಪಾಠ ಕಲಿತೆ. ಅವುಗಳಲ್ಲಿ ಬಹಳಷ್ಟು ಕ್ಲೋರಿನ್, ಕೊಳೆ ತೆಗೆಯುತ್ತವೆ, ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕಿ ತೊಳೆಯುವ ಸಾಫ್ಟ್‌ನರ್ ಯಂತ್ರವೇ ಬೇಕು. ಕೆಲವರು ಆರ್‌ಓ ಯಂತ್ರ ಶುದ್ಧ ಮಾಡಿದ ಮೇಲೆ ಹೊರಹಾಕುವ ಬೇಡದ ನೀರನ್ನು ತಲೆಗೆ ಹಿಡಿದಿಡುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಲವಣ ಇನ್ನೂ ಜಾಸ್ತಿ, ನೆಲ ಒರೆಸಲು ಸಾಕು. ನಾನು ಮಾಡುವುದು ಸುಲಭದ ಕೆಲಸ. ಮಳೆಗಾಲದಲ್ಲಿ ಟೆರೇಸಿನ ಮಳೆನೀರು ಸೋಸಿ ಬರುವ ತೊಟ್ಟಿಯಿಂದ ಎರಡು ಬಕೆಟ್. 2009ರಿಂದ ಬೆಂಗಳೂರಿನ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಹಾಗಾಗಿ ತೊಟ್ಟಿ ಹೇಗೂ ಇದೆ. ಮಳೆನೀರಿಗಿಂತ ಮೃದುವಾದ ನೀರಿಲ್ಲ. ಅಜ್ಜಿ ಸೂರಿನ ನೀರಿಗೆ ಕೊಡಪಾನ ಇಟ್ಟು ‘ಇದು ತಲೆಗೆ’ ಅನ್ನುತ್ತಿದ್ದಳು. ಮಳೆ ಇಲ್ಲದ ತಿಂಗಳಲ್ಲಿ ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ನೀರು. ತಲೆಗೆ ಮೈಸೋಪು ಮುಟ್ಟಿಸುವುದಿಲ್ಲ. ಗಡಸು ನೀರಿನಲ್ಲಿ ಸೋಪು ಕರಗದ ಜಿಡ್ಡಾಗಿ ಕೂದಲಿಗೇ ಅಂಟಿಕೊಳ್ಳುತ್ತದೆ. ಶಾಂಪೂ ಹಾಗೆ ಗಂಟು ಕಟ್ಟುವುದಿಲ್ಲ.

ಅಜ್ಜಿಯ ಮಾತು ಬಂತಲ್ಲ. ಹಳೆಯದೆಲ್ಲ ಒಳ್ಳೆಯದು ಅನ್ನುವ ಪಕ್ಷದವಳಲ್ಲ ನಾನು. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಶನಿವಾರ ಎಣ್ಣೆ ಸ್ನಾನ ನಮ್ಮ ಮನೆಯ ಪದ್ಧತಿ. ಹಂಡೆಯ ತುಂಬ ಕಾಯಿಸಿದ ನೀರು, ಬಿಸಿ ಮಾಡಿದ ಎಣ್ಣೆ, ಗ್ರಂಥಿಗೆ ಅಂಗಡಿಯ ಸೀಗೆಪುಡಿ, ಕಣ್ಣಿಗೆ ಬಿದ್ದು ನಾನು ಕಿರುಚುವುದು. ಅದರಲ್ಲಿ ವಾರಕ್ಕೆರಡು ಸಲ ಅನ್ನುವುದು ನನ್ನ ನೆತ್ತಿಗೆ ಈಗಲೂ ಸರಿಯಾದ ಲೆಕ್ಕ. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವುದೂ ಸರಿ. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿತ್ತು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಮ್ಮಿ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಕಣ ಚಿಕ್ಕದು, ಎಳೆಯ ಒಳಗೆ ಇಳಿಯುತ್ತದೆ. ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೆ ಎಣ್ಣೆ ಕೂದಲನ್ನು ಕಾಯುತ್ತದೆ, ಬೆಳೆಸುವುದಿಲ್ಲ.

ಅಜ್ಜಿ ತಪ್ಪಿದ್ದು ಹೊಟ್ಟಿನ ವಿಷಯದಲ್ಲಿ. ಹೊಟ್ಟಾದರೆ ‘ನೆತ್ತಿ ಒಣಗಿದೆ’ ಅಂತ ಇನ್ನೂ ಎಣ್ಣೆ ಸುರಿಯುತ್ತಿದ್ದಳು. ಹೊಟ್ಟಿನ ಹಿಂದೆ ಇರುವುದು ಮಲಸೇಜಿಯಾ ಅನ್ನುವ ಬೂಷ್ಟು. ಅದರ ಆಹಾರವೇ ಜಿಡ್ಡು. ಎಣ್ಣೆ ಹಚ್ಚಿದಷ್ಟೂ ಅದಕ್ಕೆ ಹಬ್ಬದೂಟ. ನನಗೆ ಕೆಲಸ ಮಾಡಿದ್ದು ಬೂಷ್ಟು ಕೊಲ್ಲುವ ಕಿಟೋಕೊನಜೋಲ್ ಶಾಂಪೂ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು. ಹಚ್ಚಿದ ತಕ್ಷಣ ತೊಳೆದುಬಿಟ್ಟು ‘ಏನೂ ಉಪಯೋಗವಿಲ್ಲ’ ಅಂತ ಒಂದು ವರ್ಷ ಬೈದಿದ್ದೇನೆ.

ಇನ್ನೊಂದು ತಪ್ಪು ಜಡೆ. ಸ್ಕೂಲಿಗೆ ಹೋಗುವಾಗ ಎರಡು ಜಡೆ, ಎತ್ತಿ ಕಟ್ಟಿದ ರಿಬ್ಬನ್ನು, ಕಣ್ಣು ಮೇಲಕ್ಕೆಳೆಯುವಷ್ಟು ಬಿಗಿ. ‘ಬಿಗಿಯಾಗಿ ಹೆಣೆದರೆ ಉದ್ದ ಬೆಳೆಯುತ್ತೆ’ ಅಂತ. ಬೆಳೆಯುವುದಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಎಳೆದರೆ ಹಣೆಯ ಅಂಚಿನ ಬೇರು ಸೋತು ಹೋಗುತ್ತದೆ. ಮಗಳಿಗೆ ನಾನು ಸಡಿಲವಾಗಿ ಹೆಣೆಯುತ್ತೇನೆ. ಮಧ್ಯಾಹ್ನಕ್ಕೇ ಬಿಚ್ಚಿಕೊಂಡು ಬರುತ್ತಾಳೆ. ಬರಲಿ.

ಮಗು ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಅನ್ನುವುದೂ ಹಾಗೇ. ದೇವರಿಗೆ ಮುಡಿ ಕೊಡುವುದಿದ್ದರೆ ಕೊಡಿ, ಅದು ಬೇರೆ ವಿಷಯ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ. ಬೇರಿಗೆ ಮೇಲೆ ಏನು ನಡೆಯಿತು ಅಂತ ಗೊತ್ತೇ ಆಗುವುದಿಲ್ಲ.

ನನಗೆ ಬಹಳ ತಡವಾಗಿ ಅರ್ಥವಾಗಿದ್ದು ಇದೇ. ಕೂದಲು ಒಂದು ವಸ್ತುವಲ್ಲ, ಎರಡು. ಚರ್ಮದೊಳಗಿನ ಬೇರು ಬದುಕಿದೆ, ಅದಕ್ಕೆ ಅನ್ನ, ನಿದ್ದೆ, ರಕ್ತ ಬೇಕು. ಚರ್ಮದಿಂದ ಹೊರಗೆ ಬಂದದ್ದಕ್ಕೆ ಜೀವವಿಲ್ಲ. ಅದು ನೂಲು. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ ಅಂದರೆ, 60 ಸೆಂಟಿಮೀಟರ್ ಉದ್ದದ ನನ್ನ ಜಡೆಯ ತುದಿಗೆ ಐದು ವರ್ಷ ವಯಸ್ಸು. ಆ ತುದಿ ಹುಟ್ಟಿದಾಗ ಮಗಳು ಯುಕೆಜಿ. ಐದು ವರ್ಷದ ಬಿಸಿಲು, ಧೂಳು, ಹೆಲ್ಮೆಟ್ಟು, 540ರ ನೀರು ಎಲ್ಲವನ್ನೂ ಕಂಡ ನೂಲು. ಹರಿದರೆ ತಾನೇ ಕೂಡಿಕೊಳ್ಳುವುದಿಲ್ಲ.

ಹಳೇ ರೇಷ್ಮೆ ಸೀರೆಯನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ? ಒದ್ದೆಯಾಗಿದ್ದಾಗ ಹಿಂಡುವುದಿಲ್ಲ. ಬಿಸಿಲಿಗೆ ಹರವುವುದಿಲ್ಲ. ಇಸ್ತ್ರಿಯನ್ನು ಕಾಯಿಸಿ ಇಡುವುದಿಲ್ಲ. ಕೂದಲಿಗೂ ಅಷ್ಟೇ ಮಾಡಿದರೆ ಸಾಕು. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ ಬೇಗ ತುಂಡಾಗುತ್ತದೆ, ಹಾಗಾಗಿ ಟವೆಲಿನಲ್ಲಿ ಪಟಪಟ ಬಡಿಯುವುದನ್ನು ಬಿಟ್ಟು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಅಗಲ ಹಲ್ಲಿನ ಬಾಚಣಿಗೆ. ಸಿಕ್ಕನ್ನು ತುದಿಯಿಂದ ಬಿಡಿಸುತ್ತಾ ಮೇಲೆ ಬರುವುದು. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ಅದು ಅದಲು ಬದಲಾದರೆ ನೆತ್ತಿ ಜಿಡ್ಡು, ತುದಿ ಪೊರಕೆ. ಒದ್ದೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವುದನ್ನೂ ಬಿಟ್ಟಿದ್ದೇನೆ. ಒಳಗೆ ಇಡ್ಲಿ ಬೇಯುತ್ತದೆ. ಹೆಲ್ಮೆಟ್ ಕೂದಲು ಉದುರಿಸುತ್ತದೆ ಅಂತ ಅದನ್ನೇ ಬಿಟ್ಟವರಿಗೆ ಮಾತ್ರ ನನ್ನ ಹತ್ತಿರ ಹೇಳಲು ಏನೂ ಇಲ್ಲ. ಮೊದಲು ತಲೆ.

ಪಾರ್ಲರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ತುದಿ ಕತ್ತರಿಸಲು ಹೋಗುತ್ತೇನೆ. ಬೆಳೆಯಲಿ ಅಂತಲ್ಲ. ಸೀಳಿದ ತುದಿ ಮೇಲಕ್ಕೆ ಸೀಳಿಕೊಂಡು ಹೋಗದಿರಲಿ ಅಂತ. ಹೋದಾಗಲೆಲ್ಲ ‘ಅಕ್ಕ, ತುಂಬಾ ಡ್ರೈ ಆಗಿದೆ, ಕೆರಾಟಿನ್ ಮಾಡಿಸಿಬಿಡಿ’ ಅನ್ನುತ್ತಾರೆ. ಕೂದಲು ನೆಟ್ಟಗೆ ಮಾಡುವ ಎಷ್ಟೋ ದ್ರಾವಣಗಳನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ, ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ದಿನವಿಡೀ ಆ ಹೊಗೆ ಕುಡಿಯುವುದು ನಾವಲ್ಲ, ಹಚ್ಚುವ ಆ ಹುಡುಗಿಯರು. ಇದನ್ನು ಒಂದು ಸಲ ಹೇಳಿದೆ. ಹುಡುಗಿ ನಕ್ಕು, ‘ನಾವು ಮಾಸ್ಕ್ ಹಾಕ್ಕೋತೀವಿ ಅಕ್ಕ’ ಅಂದಳು. ಅವಳ ಬಟ್ಟೆ ಮಾಸ್ಕ್ ಗಲ್ಲದ ಕೆಳಗಿತ್ತು.

ನನ್ನ ತಮ್ಮನದು ಬೇರೆಯೇ ಕಥೆ. ಹಣೆಯ ಎರಡೂ ಬದಿಯಿಂದ ಕೂದಲು ಹಿಂದಕ್ಕೆ ಸರಿಯುವುದು, ನಡುನೆತ್ತಿ ತೆಳ್ಳಗಾಗುವುದು. ಇದು ವಂಶದ್ದು, ಇದಕ್ಕೆ ಕ್ಯಾಲೆಂಡರ್ ಕೆಲಸ ಮಾಡುವುದಿಲ್ಲ, ಕಾದಷ್ಟೂ ನಷ್ಟ. ಅವನು ನಾಲ್ಕು ವರ್ಷ ಎಣ್ಣೆಗಳ ಮೇಲೆ ಕಳೆದ. ರಕ್ತದೊತ್ತಡದ ಮಾತ್ರೆಯಾಗಿ ಶುರುವಾದ ಮಿನಾಕ್ಸಿಡಿಲ್‌ಗೆ 1988ರಲ್ಲೇ ಅಮೆರಿಕದಲ್ಲಿ ಕೂದಲಿಗೆ ಒಪ್ಪಿಗೆ ಸಿಕ್ಕಿತ್ತು. ಮೊದಲ ಕೆಲವು ವಾರ ಉದುರುವುದು ಜಾಸ್ತಿಯಾಗಬಹುದು, ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಇದನ್ನು ಮೊದಲೇ ಹೇಳುವ ಡಾಕ್ಟರ ಹತ್ತಿರ ಹೋಗಬೇಕು. ಹಾಗೇ, ನಾಣ್ಯದಷ್ಟಗಲ ದಿಢೀರನೆ ಬೋಳಾದರೆ ‘ಹುಳ ತಿಂದಿದೆ’ ಅಂತ ಏನೇನೋ ಉಜ್ಜುತ್ತಾರೆ. ಬಹಳ ಸಲ ಅದು ಹುಳವಲ್ಲ, ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಿ ಬೇರಿನ ಮೇಲೆ ಬಿದ್ದಿರುತ್ತದೆ. ಇದಕ್ಕೂ ಡಾಕ್ಟರೇ.

ಬಿಳಿ ಕೂದಲಿನ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಇರಲಿ. ಒಂದು ಕಿತ್ತರೆ ನಾಲ್ಕು ಬರುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಮೊನ್ನೆ ಅಮ್ಮನ ಮನೆಗೆ ಹೋದಾಗ ಹಣೆಯ ಮೇಲೆ ಒಂದು ಬೆರಳುದ್ದದ ಕೂದಲು ನಿಮಿರಿ ನಿಂತಿದ್ದವು. ಎಷ್ಟು ಎಣ್ಣೆ ನೀರು ಹಚ್ಚಿದರೂ ಕೂರುವುದಿಲ್ಲ. ಮಗಳು ‘ಅಮ್ಮ, ನಿಂಗೆ ಮುಳ್ಳುಹಂದಿ ಕಟ್ ಯಾರು ಮಾಡಿದ್ದು?’ ಅಂದಳು. ಆ ಜನವರಿಯಲ್ಲಿ ಬಿದ್ದವುಗಳ ಜಾಗದಲ್ಲಿ ಬಂದವು ಅವು.

ಅವತ್ತೇ ಸೈಕಲ್ಲಿನವನೂ ಬಂದ. ಅಮ್ಮ ಬಚ್ಚಲಿನ ಬಾಗಿಲ ಹಿಂದಿನಿಂದ ಕವರ್ ತಂದು ಕೊಟ್ಟಳು. ಅವನು ಎತ್ತಿ ನೋಡಿದ. ಒಳಗೆ ಕೈ ಹಾಕಿ ಅದುಮಿ ನೋಡಿದ. ಹೋದ ವರ್ಷ ಇದೇ ಕವರಿಗೆ ಒಂದು ಟೀ ಸೋಸುವ ಜಾಲರಿ, ಎರಡು ಲೋಟ ಕೊಟ್ಟಿದ್ದ.

‘ಏನಮ್ಮಾ, ಈ ಸಲ ಏನೂ ಇಲ್ವಲ್ಲ’ ಅಂದ.

ನನ್ನ ಕಡೆ ನೋಡಿ ಮುಖ ಸಪ್ಪಗೆ ಮಾಡಿಕೊಂಡು, ಒಂದು ಡಜನ್ ಪಿನ್ನು ಎಣಿಸಿ ಅಮ್ಮನ ಕೈಗೆ ಹಾಕಿ ಹೋದ.